‘ಸಾಧುಗೆ ಸಾಧು’ ತ್ರಿಪದಿ: ಸಾಲಿನ ಕೊನೇಲಿ ಪ್ರಾಸ ಇಲ್ವಲ್ಲ, ಮತ್ತೆ ಇಲ್ಲಿ ‘ವಿಪರೀತ’ ಅಂದ್ರೆ ಏನು?

ಮಳೆಗಾಲ:

ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ. ಹೋದ ತಿಂಗಳು ಅಪ್ಪ ಅಮ್ಮ ಮಗಳು ಎಲ್ಲರನ್ನೂ ಕರ್ಕೊಂಡು ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡ್ಕೊಂಡು ಬಂದ್ವಿ. ಬಾದಾಮೀಲಿ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತಿದ್ದಾಗ ಅಪ್ಪ ಕೆರೆ ಆಚೆ ಬಂಡೆ ಕಡೆ ಕೈ ತೋರ್ಸಿ ಅಲ್ಲಿ ಮೇಲ್ಗಡೆ ಕಪ್ಪೆ ಅರಭಟ್ಟನ ಶಾಸನ ಇದೆ ಕಣಮ್ಮ ಅಂದ್ರು. ಅಪ್ಪಂಗೆ ಮಂಡಿ ನೋವು, ಅಷ್ಟು ದೂರ ಹತ್ತಕ್ಕೆ ಆಗಲ್ಲ, ಹಾಗಾಗಿ ಹತ್ರ ಹೋಗಿ ನೋಡಕ್ಕೆ ಆಗ್ಲಿಲ್ಲ, ಆದ್ರೆ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು ಇನ್ನೂ ನೆನಪಿದೆ ಅಂತ ಅಲ್ಲೇ ಕೂತು ಹೇಳಿದ್ರು:

ಸಾಧುಗೆ ಸಾಧು ಮಾಧುರ್ಯ್ಯಂಗೆ ಮಾಧುರ್ಯ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಕೇಳಕ್ಕೆ ಎಷ್ಟು ಚೆನ್ನಾಗಿತ್ತು ಅಂದ್ರೆ ಪಕ್ಕದಲ್ಲಿ ಬಟ್ಟೆ ಒಗೀತಿದ್ದೋರೂ ಕೈ ನಿಲ್ಸಿ ನೋಡಿದ್ರು. ಮಗಳು ಎಂಟನೇ ಕ್ಲಾಸು, ಅವಳಿಗೆ ಸ್ಕೂಲಲ್ಲಿ ಇಂಗ್ಲಿಷ್ ಪದ್ಯಕ್ಕೆ ಪ್ರತಿ ಸಾಲಿನ ಕೊನೆ ಪದ ನೋಡಿ ಎ ಬಿ ಎ ಬಿ ಅಂತ ಗುರುತು ಹಾಕೋದು ಕಲಿಸ್ತಾ ಇದಾರೆ, ಅವಳು ಅದೇ ಥರ ಇದಕ್ಕೂ ಹಾಕಕ್ಕೆ ಹೋಗಿ ಮಾಧುರ್ಯಂ, ವಿಪರೀತನ್, ಪೆರನಲ್ಲ, ಒಂದಕ್ಕೊಂದು ಸೇರ್ತಾನೇ ಇಲ್ಲ, ಇದು ಪದ್ಯನಾ ಅಜ್ಜ ಅಂತ ಕೇಳಿದ್ಲು. ಅಪ್ಪ ಪ್ರಾಸ ಇದೆ ಪುಟ್ಟಿ, ಮೊದಲಲ್ಲಿ ಇದೆ ಅಂದ್ರು, ಆದ್ರೆ ಅದರ ನಿಯಮ ಏನು ಅಂತ ಅವರಿಗೂ ಸರಿಯಾಗಿ ನೆನಪಾಗ್ಲಿಲ್ಲ, ನನಗಂತೂ ಗೊತ್ತೇ ಇಲ್ಲ.

ಅರ್ಥದಲ್ಲೂ ನಂಗೆ ಸಿಕ್ಕು. ವಿಪರೀತ ಅಂದ್ರೆ ನಾವು ವಿಪರೀತ ಮಳೆ, ವಿಪರೀತ ತಲೆನೋವು ಅಂತೀವಿ, ಹಾಗಾದ್ರೆ ಕಲಿಯುಗ ವಿಪರೀತ ಅಂದ್ರೆ ಅತಿ ಮಾಡೋ ಮನುಷ್ಯ ಅಂತಾನಾ, ಅದು ಹೊಗಳಿಕೆ ಹೆಂಗಾಗತ್ತೆ? ಮಾಧುರ್ಯಂಗೆ ಮಾಧುರ್ಯಂ ಅಂದ್ರೆ ಸಿಹಿತನಕ್ಕೆ ಸಿಹಿತನ ಅಂತನಾ? ಪೆರನಲ್ಲ ಅಂತೂ ಬಿಟ್ಟೇ ಬಿಡಿ. ಮಗಳಿಗೆ ಸರಿಯಾಗಿ ಹೇಳ್ಕೊಡಬೇಕು ಅಂತ ಆಸೆ, ಗೊತ್ತಿರೋರು ಬಿಡಿಸಿ ಹೇಳಿ ಪ್ಲೀಸ್.

ಶಕಟರೇಫ:

ನಿಮ್ಮ ತಂದೆ ಹೇಳಿದ್ದೇ ಸರಿ, ಪ್ರಾಸ ಮೊದಲಲ್ಲೇ ಇದೆ. ಮೂರು ಸಾಲಿನ ಮೊದಲ ಪದ ಮಾತ್ರ ತಗೊಂಡು ಒಂದರ ಕೆಳಗೆ ಒಂದು ಬರೆದು ನೋಡಿ: ಸಾಧುಗೆ, ಬಾಧಿಪ್ಪ, ಮಾಧವ. ಮೂರರಲ್ಲೂ ಎರಡನೇ ಅಕ್ಷರ ಧಕಾರ. ಧು, ಧಿ, ಧ ಅಂತ ಸ್ವರ ಬೇರೆ ಬೇರೆ ಇದ್ರೂ ತೊಂದರೆ ಇಲ್ಲ, ವ್ಯಂಜನ ಒಂದೇ ಆಗಿದ್ರೆ ಸಾಕು. ಆದ್ರೆ ಇನ್ನೊಂದು ಷರತ್ತು ಇದೆ, ಜನ ಇದನ್ನ ಮರೀತಾರೆ, ಆ ಎರಡನೇ ಅಕ್ಷರದ ಹಿಂದೆ ಇರೋ ಸ್ವರ ಒಂದು ಕಡೆ ದೀರ್ಘ ಆದ್ರೆ ಎಲ್ಲಾ ಕಡೆ ದೀರ್ಘನೇ ಆಗ್ಬೇಕು, ಹ್ರಸ್ವ ಆದ್ರೆ ಎಲ್ಲಾ ಕಡೆ ಹ್ರಸ್ವ. ಇಲ್ಲಿ ಸಾ, ಬಾ, ಮಾ, ಮೂರೂ ದೀರ್ಘ. ಇದಕ್ಕೆ ದ್ವಿತೀಯಾಕ್ಷರ ಪ್ರಾಸ ಅಥವಾ ಆದಿಪ್ರಾಸ ಅಂತಾರೆ, ಹಳಗನ್ನಡದಲ್ಲಿ ಪ್ರಾಸ ಅಂದ್ರೆ ಇದೇ. ಸಾಲಿನ ಕೊನೇಲಿ ಬರೋದು ಅಂತ್ಯಪ್ರಾಸ, ಅದು ಬಂದ್ರೆ ಬರಬಹುದು, ಇಲ್ಲಾಂದ್ರೆ ಯಾರೂ ಕೇಳ್ತಿರ್ಲಿಲ್ಲ.

ಹತ್ತನೇ ಶತಮಾನದ ಕೊನೇಲಿ ನಾಗವರ್ಮ ಛಂದೋಂಬುಧಿ ಅನ್ನೋ ಛಂದಸ್ಸಿನ ಪುಸ್ತಕ ಬರೆದಾಗ ಈ ಪ್ರಾಸಗಳಿಗೆ ಪ್ರಾಣಿಗಳ ಹೆಸರು ಕೊಟ್ಟು ಆರು ಥರ ಅಂತ ಹೇಳ್ತಾನೆ. ಹಿಂದಿನ ಸ್ವರ ಹ್ರಸ್ವ ಆದ್ರೆ ಸಿಂಹ, ದೀರ್ಘ ಆದ್ರೆ ಗಜ, ಟ್ಟ ಲ್ಲ ಥರ ಅದೇ ವ್ಯಂಜನದ ಒತ್ತಕ್ಷರ ಬಂದ್ರೆ ಹಯ, ಸೊನ್ನೆ ಬಂದ್ರೆ ವೃಷಭ, ಹೀಗೆ. ಆ ಲೆಕ್ಕದಲ್ಲಿ ನಿಮ್ಮ ಪದ್ಯದ್ದು ಗಜಪ್ರಾಸ. ಮಗಳಿಗೆ ಆನೆ ಅಂತ ಹೇಳಿಕೊಟ್ರೆ ಮರೆಯಲ್ಲ. ಆದ್ರೆ ನೆನಪಿಡಿ, ಈ ಶಾಸನಕ್ಕೆ ತೇದಿ ಇಲ್ಲ, ಲಿಪಿ ನೋಡಿ ಸುಮಾರು 700 ಅಂತ ಹೇಳ್ತಾರೆ, ಅಂದ್ರೆ ನಾಗವರ್ಮನಿಗಿಂತ ಹತ್ತಿರ ಹತ್ತಿರ ಮುನ್ನೂರು ವರ್ಷ ಹಿಂದಿಂದು. ಹೆಸರು ಇಡೋಕ್ಕೆ ಮುಂಚೇನೇ ಆನೆ ಆ ಬಂಡೆ ಮೇಲೆ ನಿಂತಿತ್ತು.

ಈಗ ಪದಗಳು. ವಿಪರೀತ ಅಂದ್ರೆ ಆಗ ‘ತಿರುಗುಮುರುಗು, ವಿರುದ್ಧ’ ಅಂತ ಅರ್ಥ, ಸಂಸ್ಕೃತದಲ್ಲಿ ಈಗ್ಲೂ ಅದೇ. ‘ಅತಿ’ ಅನ್ನೋ ಅರ್ಥ ನಮ್ಮ ಮಾತಲ್ಲಿ ಆಮೇಲೆ ಬೆಳೆದಿದ್ದು. ಕಲಿಯುಗ ಹೆಂಗಿದೆಯೋ ಅದಕ್ಕೆ ಉಲ್ಟಾ ಇರೋನು ಅಂತ, ಕಾಲ ಕೆಟ್ಟಿದ್ರೂ ತಾನು ಕೆಡದೇ ಇರೋನು. ಇದು ಅರಭಟ್ಟನ ಬಿರುದು, ಶಾಸನ ಶುರುವಾಗೋದೇ ‘ಕಪ್ಪೆ ಅರಭಟ್ಟನ್ ಶಿಷ್ಟಜನಪ್ರಿಯನ್ ಕಷ್ಟಜನವರ್ಜಿತನ್ ಕಲಿಯುಗವಿಪರೀತನ್’ ಅಂತ. ಇಲ್ಲೂ ಒಂದು ಹುಷಾರಾಗಿ ಓದಬೇಕಾದ ಪದ ಇದೆ. ಕಷ್ಟಜನ ಅಂದ್ರೆ ಕಷ್ಟದಲ್ಲಿರೋ ಜನ ಅಲ್ಲ, ಕೆಟ್ಟ ಜನ. ಇವತ್ತಿನ ಅರ್ಥ ಹಾಕಿದ್ರೆ ಕಷ್ಟದಲ್ಲಿರೋರನ್ನ ದೂರ ಇಟ್ಟೋನು ಅಂತಾಗಿ ಹೊಗಳಿಕೆ ಹೋಗಿ ಬೈಗುಳ ಆಗತ್ತೆ.

ಪೆರ ಅಂದ್ರೆ ಬೇರೆಯವನು, ಹೊರಗಿನವನು. ಹಳಗನ್ನಡದಲ್ಲಿ ಅದು ಶಕಟರೇಫದ, ಅಂದ್ರೆ ಈಗ ಬಳಕೇಲಿಲ್ಲದ ಱ ಅಕ್ಷರದ ಪದ, ಪೆಱ. ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಹಾಗೇ ಪೆಱ ಹೋಗಿ ಹೆರ ಆಯ್ತು, ನಡುಗನ್ನಡದಲ್ಲಿ ‘ಹೆರರು’ ‘ಹೆರವರು’ ಅಂತ ಸಿಗತ್ತೆ. ‘ಮಾಧವನೀತನ್ ಪೆರನಲ್ಲ’ ಅಂದ್ರೆ ಇವನು ಮಾಧವನೇ, ಬೇರೆ ಯಾರೂ ಅಲ್ಲ.

ಮಾಧುರ್ಯಂಗೆ ಅನ್ನೋದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನೀವು ‘ಅಪ್ಪಂಗೆ ಮಂಡಿ ನೋವು’ ಅಂತ ಬರ್ದಿದೀರ, ‘ಮರಂಗೆ ನೀರು ಹಾಕು’ ಅಂತ ನೀವು ಯಾವತ್ತೂ ಹೇಳಲ್ಲ, ‘ಮರಕ್ಕೆ’ ಅಂತೀರ. ಗಂಡಸಿಗೆ ಅಂಗೆ, ವಸ್ತುವಿಗೆ ಅಕ್ಕೆ. ಸಿಹಿ ಅನ್ನೋ ಗುಣಕ್ಕೆ ಅನ್ನೋದಾಗಿದ್ರೆ ‘ಮಾಧುರ್ಯಕ್ಕೆ’ ಅಂತ ಬರಬೇಕಿತ್ತು. ‘ಮಾಧುರ್ಯಂಗೆ’ ಅಂತ ಇರೋದ್ರಿಂದ ಅದು ಮನುಷ್ಯ, ಮಧುರವಾಗಿ ನಡ್ಕೊಳ್ಳೋನು. ಸಾಧುವಾದವನಿಗೆ ಇವನೂ ಸಾಧು, ಮಧುರವಾದವನಿಗೆ ಇವನೂ ಮಧುರ. ಸಾವಿರದ ಮುನ್ನೂರು ವರ್ಷದ ಹಿಂದಿನ ಆ ಪ್ರತ್ಯಯ ನಿಮ್ಮ ಮನೆ ಮಾತಲ್ಲಿ ಇವತ್ತಿಗೂ ಹಂಗೇ ಇದೆ ನೋಡಿ.

ಹಳೇ_ಓಲೆಗರಿ:

ಶಕಟರೇಫ ಅವರು ಹೇಳಿದ್ದೆಲ್ಲ ಒಪ್ಪಿದೆ, ಆದ್ರೆ ಎರಡನೇ ಸಾಲು ಅವರು ಬೇಗ ದಾಟಿಬಿಟ್ರು ಅನ್ಸತ್ತೆ. ‘ಬಾಧಿಪ್ಪ ಕಲಿಗೆ’ ಅನ್ನೋದ್ರಲ್ಲಿ ಕಲಿ ಅಂದ್ರೆ ಯಾರು? ಕನ್ನಡದಲ್ಲಿ ಕಲಿ ಅಂದ್ರೆ ಶೂರ, ವೀರ, ಇದು ಅಚ್ಚಗನ್ನಡ ಪದ, ಸಂಸ್ಕೃತದ ಕಲಿಗೂ ಇದಕ್ಕೂ ಸಂಬಂಧ ಇಲ್ಲ. ಮೊದಲ ಸಾಲಲ್ಲಿ ಸಾಧು ಒಬ್ಬ ಮನುಷ್ಯ, ಮಧುರ ಒಬ್ಬ ಮನುಷ್ಯ, ಹಾಗಿದ್ಮೇಲೆ ಮೂರನೇದೂ ಮನುಷ್ಯನೇ ಇರಬೇಕಲ್ವಾ, ಅಂದ್ರೆ ಪೀಡೆ ಕೊಡೋ ವೀರನಿಗೆ ಇವನು ಕಲಿಯುಗ ವಿಪರೀತ, ಅವನ ಎದುರಿಗೆ ನಿಲ್ಲೋನು. ಇದ್ದಕ್ಕಿದ್ದಂಗೆ ಯುಗವನ್ನ ತಂದು ಮನುಷ್ಯರ ಸಾಲಲ್ಲಿ ನಿಲ್ಲಿಸೋದು ನನಗೆ ಸರಿ ಕಾಣಲ್ಲ. ಮತ್ತೆ ಅವರೇ ಹೇಳಿದ ಅಂಗೆ ಲೆಕ್ಕ ಇಲ್ಲಿ ಸಹಾಯಕ್ಕೆ ಬರಲ್ಲ, ಯಾಕಂದ್ರೆ ಕಲಿ ಇಕಾರಾಂತ, ಮನುಷ್ಯ ಆದ್ರೂ ‘ಕಲಿಗೆ’, ಯುಗ ಆದ್ರೂ ‘ಕಲಿಗೆ’.

ಇನ್ನೊಂದು ವಿಷಯ, ಮಾಧವನ ಬಗ್ಗೆ. ಇದನ್ನ ನಾನು ತುಂಬಾ ದಿನದಿಂದ ತಲೇಲಿ ಇಟ್ಕೊಂಡಿದೀನಿ, ಹೇಳೇ ಬಿಡ್ತೀನಿ. ವಿಷ್ಣುವಿಗೆ ಅಷ್ಟೊಂದು ಹೆಸರಿರುವಾಗ ಕವಿ ಮಾಧವ ಅನ್ನೋದನ್ನೇ ಯಾಕೆ ಆರಿಸ್ಕೊಂಡ? ಸಂಧ್ಯಾವಂದನೆ ಮಾಡೋರಿಗೆ ಕೇಶವಾದಿ ಇಪ್ಪತ್ನಾಲ್ಕು ಹೆಸರು ಬಾಯಲ್ಲಿರತ್ತೆ, ಅದನ್ನೇ ಒಂದ್ಸಲ ಹೇಳ್ಕೊಂಡು ಬನ್ನಿ. ಕೇಶವ ಆಗಲ್ಲ, ಎರಡನೇ ಅಕ್ಷರ ಶ. ನಾರಾಯಣ ಆಗಲ್ಲ, ಗೋವಿಂದ ಆಗಲ್ಲ, ವಾಮನ ಆಗಲ್ಲ. ಎರಡನೇ ಅಕ್ಷರ ಧ ಇರೋದು ಪೂರ್ತಿ ಪಟ್ಟೀಲಿ ನಾಲ್ಕೇ ನಾಲ್ಕು: ಮಾಧವ, ಮಧುಸೂದನ, ಶ್ರೀಧರ, ಅಧೋಕ್ಷಜ. ಇದರಲ್ಲಿ ಮಧುಸೂದನ ಮತ್ತು ಅಧೋಕ್ಷಜ ಹೋಯ್ತು, ಯಾಕಂದ್ರೆ ಮೊದಲ ಅಕ್ಷರ ಹ್ರಸ್ವ, ಸಾ ಬಾ ಜೊತೆ ನಿಲ್ಲಲ್ಲ. ಉಳಿದಿದ್ದು ಎರಡು. ಪ್ರಾಸದ ಲೆಕ್ಕದಲ್ಲಿ ‘ಶ್ರೀಧರನೀತನ್ ಪೆರನಲ್ಲ’ ಅಂದಿದ್ರೂ ಒಂದಿಷ್ಟೂ ತಪ್ಪಿಲ್ಲ, ಲಯಾನೂ ಕೆಡಲ್ಲ, ಬೇಕಾದ್ರೆ ಜೋರಾಗಿ ಹೇಳಿ ನೋಡಿ. ಆದ್ರೂ ಅವನು ಮಾಧವ ಅಂದ. ಯಾಕೆ ಅಂದ್ರೆ ಮಾಧವ ಬರೋದು ಮಧುವಿಂದ, ಮಾಧುರ್ಯ ಬರೋದೂ ಮಧುರ, ಮಧು ಅಂತ ಅಲ್ಲಿಂದಾನೇ. ಮೊದಲ ಸಾಲಲ್ಲಿ ಎರಡು ಸಲ ಮಾಧುರ್ಯ ಮಾಧುರ್ಯ ಅಂತ ಕಿವಿಗೆ ಹಾಕಿ, ಮಧ್ಯ ಬಾಧೆ ತಂದು, ಕೊನೆ ಸಾಲಿನ ಬಾಯಲ್ಲೇ ಮತ್ತೆ ಆ ‘ಮಾಧ’ ಶಬ್ದ ವಾಪಸ್ ತರ್ತಾನೆ. ಪ್ರಾಸ ಎರಡು ಹೆಸರಿನ ತನಕ ಕರ್ಕೊಂಡು ಬಂತು, ಎರಡರಲ್ಲಿ ಒಂದನ್ನ ಕವಿಯ ಕಿವಿ ಆರಿಸ್ತು. ಇಂಥಾ ಕಿವಿ ಇದ್ದೋನ ಹೆಸರನ್ನೇ ಶಾಸನ ಹೇಳಲ್ಲ ಅನ್ನೋದು ನಂಗೆ ಪ್ರತಿ ಸಲ ಸಂಕಟ ಕೊಡತ್ತೆ.

ಬೀಸುಕಲ್ಲು:

ಮ್ಯಾಲಿನವ್ರು ಇಬ್ರೂ ಭಾಳ ಛಲೋ ಹೇಳ್ಯಾರ. ನಾ ಬಾಗಲಕೋಟಿ ಕಡೆಯಾಕಿ, ವ್ಯಾಕರಣ ಅಷ್ಟ ಬರಂಗಿಲ್ಲ, ಹಾಡಿನ ಕಡೆಯಿಂದ ಒಂದ ಮಾತ ಸೇರಸ್ತೀನಿ. ನಮ್ಮ ಆಯಿ ನಸಕಿನ್ಯಾಗ ಎದ್ದು ಜ್ವಾಳ ಬೀಸಾಕ ಕುಂತ್ಲಂದ್ರ ‘ಬೆಳಗಾಗ ನಾನೆದ್ದು ಯಾರ್ಯಾರ ನೆನೆಯಲಿ’ ಅಂತ ಸುರು ಮಾಡಾಕಿ, ನಾವು ಕೌದಿ ಒಳಗ ಮಲಗಿ ಕೇಳಿದ್ವಿ. ಕಲ್ಲು ಒಂದ ಸುತ್ತು ತಿರಗೂದಕ್ಕ ಒಂದ ತುಣುಕು. ಬೆಳಗಾಗ, ನಾನೆದ್ದು, ಯಾರ್ಯಾರ, ನೆನೆಯಲಿ, ನಾಕ ಸುತ್ತು. ಕಾಲೇಜಿನ್ಯಾಗ ಈ ಶಾಸನ ಪಾಠಕ್ಕ ಬಂದಾಗ ನಾ ಸುಮ್ನ ಆಯಿ ದಾಟಿಗೆ ಹಚ್ಚಿ ನೋಡಿದೆ, ಹಂಗ ಕೂತ ಬಿಟ್ತು:

ಸಾಧುಗೆ । ಸಾಧು ಮಾ । ಧುರ್ಯ್ಯಂಗೆ । ಮಾಧುರ್ಯ್ಯಂ
ಬಾಧಿಪ್ಪ । ಕಲಿಗೆ । ಕಲಿಯುಗ । ವಿಪರೀತನ್
ಮಾಧವ । ನೀತನ್ । ಪೆರನಲ್ಲ

ನಾಕು, ನಾಕು, ಮೂರು, ಒಟ್ಟ ಹನ್ನೊಂದು ತುಣುಕು. ಒಂದೊಂದು ತುಣುಕಿನ್ಯಾಗ ಮೂರ ಪೆಟ್ಟು ಐತಿ, ಸಾ, ಧು, ಗೆ. ಮೊದಲನೇ ಪೆಟ್ಟಿಗೆ ಒಂದ ದೀರ್ಘ ಬಂದ್ರೂ ಆತು, ಎರಡ ಹ್ರಸ್ವ ಕೂಡಿ ಬಂದ್ರೂ ಆತು, ಅದಕ್ಕ ‘ಕಲಿಯುಗ’ ಅಂದ್ರ ಕಲಿ, ಯು, ಗ, ಮೂರ. ಎರಡ ಕಡೆ ಅಷ್ಟ ಎರಡ ಪೆಟ್ಟು, ಎರಡನೇ ಸಾಲಿನ್ಯಾಗ ‘ಕಲಿ, ಗೆ’ ಮತ್ತ ಮೂರನೇ ಸಾಲಿನ್ಯಾಗ ‘ನೀ, ತನ್’. ಅಲ್ಲಿ ಹಾಡಾಕಿ ದನಿ ಎಳೀತಾಳ, ‘ಕಲಿಗೇ...’ ಅಂತ. ಹಂಗಾರ ಕೇಳಾವ್ರ ಕಿವಿ ಎಲ್ಲಿ ನಿಂದರತೈತಿ? ಕಲಿ ಮ್ಯಾಲ ಒಂದ, ‘ಈತನ್’ ಮ್ಯಾಲ ಒಂದ. ಯಾರಿಗೆ ವಿರುದ್ಧ, ಯಾರು ಆ ವಿರುದ್ಧ ನಿಂತಾವ, ಇವೆರಡ ಪದ ಮ್ಯಾಲ ಹಾಡು ತಡದ ನಿಂದರತೈತಿ.

ಇನ್ನೊಂದ, ಇದನ್ನ ಯಾರರ ಗಮನಿಸ್ಯಾರೋ ಏನೋ. ಆ ಬಂಡಿ ಮ್ಯಾಲ ಒಂದ ತ್ರಿಪದಿ ಅಲ್ಲ, ಮೂರ ಅದಾವ. ಮೂರೂದರಾಗ ಎರಡನೇ ಸಾಲಿನ ಎರಡನೇ ತುಣುಕು ಒಂದ ಐತಿ. ‘ಬಾಧಿಪ್ಪ ಕಲಿಗೆ’, ‘ಬಲ್ಲಿತ್ತು ಕಲಿಗೆ’, ‘ಬಿಟ್ಟವೋಲ್ ಕಲಿಗೆ’. ಮೂರ ಸಲ ಹಾಡಿದ್ರ ಮೂರ ಸಲಾನೂ ಅದ ಜಾಗಾದಾಗ ದನಿ ಎಳದ ಕಲಿಗೇ ಅಂತ ಬರತೈತಿ, ಪಲ್ಲವಿ ಇದ್ದಂಗ.

ಶಕಟರೇಫ:

ಬೀಸುಕಲ್ಲು ಅವರೇ, ನಿಮ್ಮ ಆಯಿ ಕಲ್ಲಿನ ಸುತ್ತಲ್ಲಿ ಹಿಡಿದಿದ್ದನ್ನೇ ನಾಗವರ್ಮ ‘ರಸದಶಸ್ಥಾನ’ ಅಂತ ಹೇಳಿದಾನೆ. ರಸ ಅಂದ್ರೆ ಆರು, ದಶ ಹತ್ತು. ತ್ರಿಪದಿಯ ಹನ್ನೊಂದು ಗಣದಲ್ಲಿ, ಅಂದ್ರೆ ನೀವು ಹೇಳೋ ತುಣುಕಲ್ಲಿ, ಆರನೇದು ಮತ್ತು ಹತ್ತನೇದು ಎರಡು ಪೆಟ್ಟಿನ ಬ್ರಹ್ಮಗಣ, ಉಳಿದಿದ್ದೆಲ್ಲ ಮೂರು ಪೆಟ್ಟಿನ ವಿಷ್ಣುಗಣ. ನೀವು ಎಣಿಸಿದ ಎರಡು ಪೆಟ್ಟಿನ ತುಣುಕುಗಳು ಸರಿಯಾಗಿ ಆರು ಮತ್ತು ಹತ್ತರಲ್ಲೇ ಬಿದ್ದಿವೆ. ಮೂರು ಕಡೆನೂ ‘ಕಲಿಗೆ’ ಅನ್ನೋದು ನಾನು ಓದಿದ್ದೆ, ಆದ್ರೆ ಮೂರೂ ಒಂದೇ ಗಣಸ್ಥಾನ ಅಂತ ಇವತ್ತೇ ಕಂಡಿದ್ದು, ತುಂಬಾ ಥ್ಯಾಂಕ್ಸ್.

ಇದೇ ಹಳೇ_ಓಲೆಗರಿ ಅವರ ಪ್ರಶ್ನೆಗೂ ಉತ್ತರ ಕೊಡತ್ತೆ ಅಂತ ನನ್ನ ಅನಿಸಿಕೆ. ಮೂರನೇ ತ್ರಿಪದಿ ತಗೊಳ್ಳಿ:

ಕಟ್ಟಿದ ಸಿಂಘಮನ್ ಕೆಟ್ಟೊದೇನೆಮಗೆಂದು
ಬಿಟ್ಟವೋಲ್ ಕಲಿಗೆ ವಿಪರೀತಂಗಹಿತರ್ಕ್ಕಳ್
ಕೆಟ್ಟರ್ ಮೇಣ್ ಸತ್ತರವಿಚಾರಂ

ಇಲ್ಲಿ ‘ಕಲಿಗೆ ವಿಪರೀತಂಗೆ ಅಹಿತರ್ಕ್ಕಳ್’, ಅಂದ್ರೆ ಕಲಿಗೆ ವಿಪರೀತನಾದವನಿಗೆ ಅಹಿತರು, ಅವನ ಶತ್ರುಗಳು. ‘ಕಲಿಯುಗವಿಪರೀತ’ ಅನ್ನೋ ಬಿರುದನ್ನೇ ಬಿಡಿಸಿ ‘ಕಲಿಗೆ ವಿಪರೀತ’ ಅಂತ ಹೇಳಿದಾನೆ, ಸಮಾಸ ಒಡೆದು ನಾಲ್ಕನೇ ವಿಭಕ್ತಿ ಹಾಕಿದಾನೆ ಅಷ್ಟೇ. ಇಲ್ಲಿ ಕಲಿ ಅಂದ್ರೆ ಶೂರ ಅಂತ ಹೇಳಕ್ಕಾಗಲ್ಲ, ಶೂರನಿಗೆ ವಿರುದ್ಧ ಇರೋನು ಅಂದ್ರೆ ಹೇಡಿ ಅಂತಾಗ್ಬಿಡತ್ತೆ. ಇಲ್ಲಿ ಕಲಿ ಅಂದ್ರೆ ಕಲಿಕಾಲ, ಕಲಿಪುರುಷ. ಒಂದೇ ಜಾಗದಲ್ಲಿ ಮೂರು ಸಲ ಬರೋ ಪದಕ್ಕೆ ಒಂದು ಕಡೆ ಮಾತ್ರ ಬೇರೆ ಅರ್ಥ ಯಾಕೆ ಇರತ್ತೆ? ಅದೂ ಅಲ್ದೆ ಮೊದಲ ತ್ರಿಪದಿಲಿ ಮುಂದಿನ ಸಾಲೇ ‘ಮಾಧವನೀತನ್’. ಕಲಿಯನ್ನ ಮುಗಿಸೋಕ್ಕೆ ಬರೋನು ಕಲ್ಕಿಯಾಗಿ ವಿಷ್ಣುವೇ ತಾನೇ. ಬಾಧಿಸೋ ಕಲಿಕಾಲಕ್ಕೆ ಎದುರಾಗಿ ನಿಂತವನು, ಹಾಗಾದ್ರೆ ಇವನು ಮಾಧವನೇ, ಬೇರೆ ಅಲ್ಲ, ಅಂತ ಮಾತು ಒಂದರಿಂದ ಒಂದಕ್ಕೆ ಹೋಗತ್ತೆ.

ಈ ಸಿಂಹದ ಪದ್ಯ ನೋಡಿದ್ಮೇಲೆ ಅದರ ಬಗ್ಗೆ ಹೇಳದೇ ಹೋಗಕ್ಕೆ ಮನಸ್ಸಾಗ್ತಿಲ್ಲ. ಕಟ್ಟಿ, ಬಿಟ್ಟ, ಕೆಟ್ಟ. ಹಿಂದೆ ಹೇಳಿದ ಹಯಪ್ರಾಸ ಇದೇ, ಒತ್ತಕ್ಷರದ್ದು. ಮೊದಲ ಸಾಲಿನ ಮಧ್ಯದಲ್ಲೂ ‘ಕೆಟ್ಟೊದೇನ್’ ಅಂತ ಇನ್ನೊಂದು ಟ್ಟ ಸೇರಿಸಿದಾನೆ. ಟ್ಟ ಟ್ಟ ಟ್ಟ ಅಂತ ಸರಪಳಿ ಸದ್ದೇ ಕೇಳತ್ತೆ. ಕಟ್ಟಿ ಹಾಕಿದ್ದ ಸಿಂಹವನ್ನ ‘ನಮಗೇನು ಕೆಟ್ಟೋಯ್ತು’ ಅಂತ ಬಿಟ್ಟ ಹಾಗೆ, ಈ ಕಲಿಗೆ ವಿಪರೀತನ ಶತ್ರುಗಳು ಹಿಂದೆಮುಂದೆ ನೋಡದೆ ಕೆಟ್ರು, ಇಲ್ಲಾ ಸತ್ರು. ಮೇಣ್ ಅಂದ್ರೆ ಅಥವಾ, ಮತ್ತೆ. ವೋಲ್ ಅಂದ್ರೆ ಹಾಗೆ, ಶ್ರವಣಬೆಳಗೊಳದ ಹಳೇ ಶಾಸನದ ‘ಮಂಜುವೋಲ್ ತೋಱಿ ಬೇಗಂ’ ಅನ್ನೋದ್ರಲ್ಲಿ ಬರೋ ವೋಲೇ ಇದು, ನಮ್ಮ ‘ಹೋಲು’ ಅನ್ನೋ ಪದದ ಹಳೇ ನೆಂಟ. ಮತ್ತೆ ಪ್ರಾಸದಲ್ಲಿ ಕೂತಿರೋ ಮೂರು ಪದಾನೇ ತಗೊಂಡ್ರೆ ಕಥೆ ಪೂರ್ತಿ ಇದೆ ನೋಡಿ: ಕಟ್ಟಿದ್ರು, ಬಿಟ್ರು, ಕೆಟ್ರು.

ಹಳೇ_ಓಲೆಗರಿ:

ಮೂರನೇ ತ್ರಿಪದಿಯ ಮಾತು ಒಪ್ಪಿದೆ, ಅಲ್ಲಿ ಶೂರ ಅನ್ನೋ ಅರ್ಥ ಕೂರಲ್ಲ, ನಾನು ಮೊದಲನೇದನ್ನ ಮಾತ್ರ ಇಟ್ಕೊಂಡು ಯೋಚಿಸಿದ್ದೆ. ಆದ್ರೂ ಒಂದು ಮಾತು. ಆ ಕಾಲದ ಕನ್ನಡಿಗ ಕಿವಿಗೆ ‘ಬಾಧಿಪ್ಪ ಕಲಿಗೆ’ ಅಂತ ಬಿದ್ದ ತಕ್ಷಣ, ಅದೂ ದನಿ ಎಳೆದು ನಿಲ್ಲಿಸಿದಾಗ, ಮೊದಲು ಹೊಳೆಯೋದು ತನ್ನ ಭಾಷೆಯ ಕಲಿ, ಶೂರ. ಪಕ್ಕದಲ್ಲೇ ‘ಕಲಿಯುಗ’ ಅಂತ ಬಂದಾಗ ಓ ಅದಲ್ಲ ಇದು ಅಂತ ಗೊತ್ತಾಗತ್ತೆ. ಕಲಿಗೆ ಕಲಿಯುಗ ಅಂತ ಎರಡು ಕಲಿಯನ್ನ ಪಕ್ಕಪಕ್ಕ ಇಟ್ಟಿರೋದು ಮೊದಲನೇ ತ್ರಿಪದಿಲಿ ಮಾತ್ರ, ಉಳಿದ ಎರಡರಲ್ಲಿ ಇಲ್ಲ. ಅರ್ಥ ಶಕಟರೇಫ ಅವರದ್ದೇ ಇರ್ಲಿ, ಆದ್ರೆ ಆ ಒಂದು ಕ್ಷಣ ಎರಡೂ ಕಲಿ ಕಿವೀಲಿ ಇರ್ಲಿ ಅಂತ ಕವಿಗೂ ಇತ್ತು ಅಂತ ನಾನು ನಂಬ್ತೀನಿ, ಅದನ್ನ ಬಿಟ್ಟುಕೊಡಲ್ಲ.

ಮಳೆಗಾಲ:

ನಿಮಗೆಲ್ಲ ಹೆಂಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗ್ತಿಲ್ಲ. ನೆನ್ನೆ ರಾತ್ರಿ ಊಟ ಆದ್ಮೇಲೆ ಅಪ್ಪ, ನಾನು, ಮಗಳು ಮೂರೂ ಜನ ಫೋನ್ ಇಟ್ಕೊಂಡು ನಿಮ್ಮ ಉತ್ತರ ಎಲ್ಲಾ ಓದಿದ್ವಿ. ಬೀಸುಕಲ್ಲು ಅವರು ಹಾಕಿಕೊಟ್ಟ ಗೆರೆ ನೋಡ್ಕೊಂಡು ಮಗಳು ಟೇಬಲ್ ಮೇಲೆ ತಟ್ಕೊಂಡು ಹೇಳಿದ್ಲು, ಕಲಿಗೆ ಹತ್ರ ಬಂದಾಗ ಮೊದಲೆರಡು ಸಲ ತಪ್ಪಿತು, ಮೂರನೇ ಸಲ ದನಿ ಎಳೆದಾಗ ಸರಿ ಹೋಯ್ತು. ಅಪ್ಪ ಇಪ್ಪತ್ನಾಲ್ಕು ಹೆಸರು ಒಂದೊಂದೇ ಹೇಳ್ತಾ ಬೆರಳು ಮಡಚ್ತಾ ಹೋದ್ರು, ಶ್ರೀಧರ ಅಂತ ಬಂದಾಗ ಒಂದ್ನಿಮಿಷ ಸುಮ್ನಾಗಿ, ಅರವತ್ತು ವರ್ಷದಿಂದ ದಿನಾ ಹೇಳ್ತಿದೀನಿ, ಈ ಕಣ್ಣಲ್ಲಿ ಯಾವತ್ತೂ ನೋಡಿರ್ಲಿಲ್ಲ ಅಂದ್ರು. ‘ಕೆಟ್ಟೊದೇನೆಮಗೆ’ ಅನ್ನೋದಂತೂ ನಮ್ಮಜ್ಜಿ ‘ನಂಗೇನ್ ಕೆಟ್ಟೋಯ್ತು’ ಅಂತ ದಿನಕ್ಕೆ ಹತ್ತು ಸಲ ಹೇಳ್ತಿದ್ದ ಮಾತು, ಅದೇ ಬಂಡೆ ಮೇಲಿದೆ ಅಂತ ತಿಳಿದು ಅಮ್ಮ ಕೂಡ ಅಡುಗೆಮನೆಯಿಂದ ಎದ್ದು ಬಂದ್ರು.

ಇನ್ನೆರಡೇ ಡೌಟು. ಮಧ್ಯ ಒಂದು ಸಂಸ್ಕೃತ ಶ್ಲೋಕ ಇದೆ ಅಂತ ಅಪ್ಪ ಹೇಳಿದ್ರು, ಅದಕ್ಕೂ ಈ ಪ್ರಾಸ ಇದೆಯಾ? ಮತ್ತೆ ಎರಡನೇ ತ್ರಿಪದಿ ಅಪ್ಪಂಗೆ ಪೂರ್ತಿ ನೆನಪಿಲ್ಲ, ‘ಒಳ್ಳಿತ್ತ’ ಅಂತ ಶುರುವಾಗತ್ತೆ ಅಂದ್ರು, ಬಲ್ಲಿತ್ತು ಅಂತ ಬೀಸುಕಲ್ಲು ಅವರು ಬರ್ದಿದಾರೆ, ಹಾಗಾದ್ರೆ ಳ್ಳ ಮತ್ತು ಲ್ಲ, ಅದು ಪ್ರಾಸ ತಪ್ಪಿದ ಹಾಗಲ್ವಾ ಅಂತ ಮಗಳ ಪ್ರಶ್ನೆ.

ಶಕಟರೇಫ:

ಮಗಳು ಕೇಳಿದ್ದು ತುಂಬಾ ಸರಿಯಾದ ಪ್ರಶ್ನೆ. ಎರಡನೇದು ಹೀಗಿದೆ:

ಒಳ್ಳಿತ್ತ ಕೆಯ್ವೊರಾರ್ ಪೊಲ್ಲದುಮದರಂತೆ
ಬಲ್ಲಿತ್ತು ಕಲಿಗೆ ವಿಪರೀತಾ ಪುರಾಕೃತಂ
ಇಲ್ಲಿ ಸಂಧಿಕ್ಕುಮದು ಬಂದು

ಒಳ್ಳೇದು ಮಾಡೋರು ಯಾರಿದಾರೆ, ಕೆಟ್ಟದ್ದೂ ಹಾಗೇ, ಹಿಂದೆ ಮಾಡಿದ್ದು ಬಲವಾದದ್ದು, ಅದು ಬಂದು ಇಲ್ಲೇ ಎದುರಾಗತ್ತೆ ಅಂತ ಒಟ್ಟು ಭಾವ. ಕೆಯ್ ಅನ್ನೋದು ನಮ್ಮ ಗೇಯ್ಮೆ ಅನ್ನೋ ಪದದ ಮೂಲ, ಪೊಲ್ಲ ಅಂದ್ರೆ ಕೆಟ್ಟದ್ದು, ಆಮೇಲೆ ಹೊಲ್ಲ ಆಯ್ತು. ಪ್ರಾಸದಲ್ಲಿ ಒಳ್ಳಿ, ಬಲ್ಲಿ, ಇಲ್ಲಿ. ಹೌದು, ಳ್ಳ ಒಂದು ಕಡೆ, ಲ್ಲ ಎರಡು ಕಡೆ. ಕವಿ ಳಕಾರ ಲಕಾರ ಎರಡನ್ನೂ ಕಿವಿಗೆ ಹತ್ತಿರ ಅಂತ ಸೇರಿಸ್ಕೊಂಡಿದಾನೆ. ಮೊದಲನೇದರಲ್ಲಿ ಧ ಧ ಧ, ಮೂರನೇದರಲ್ಲಿ ಟ್ಟ ಟ್ಟ ಟ್ಟ ಅಂತ ಒಂದಿಷ್ಟೂ ಸಡಿಲ ಇಲ್ಲದೆ ಬಂದಿರೋವಾಗ ಇಲ್ಲಿ ಮಾತ್ರ ಸ್ವಲ್ಪ ಬಿಟ್ಟಿದಾನೆ. ನನ್ನ ಮಟ್ಟಿಗೆ ಮೂರರಲ್ಲಿ ಕಟ್ಟು ಸ್ವಲ್ಪ ಸಡಿಲ ಇರೋದೂ, ಮಾತು ಬರೀ ನೀತಿ ಆಗಿರೋದೂ ಇದೊಂದೇ, ಹಾಗಾಗೇ ನಿಮ್ಮ ತಂದೆಗೆ ಇದು ಮರೆತು ಉಳಿದೆರಡು ನೆನಪಲ್ಲಿ ಉಳಿದಿರಬೇಕು.

ಶ್ಲೋಕದಲ್ಲಿ ಈ ಪ್ರಾಸ ಇಲ್ಲ. ‘ವರನ್ತೇಜಸ್ವಿನೋ ಮೃತ್ಯುರ್ನ ತು ಮಾನಾವಖಣ್ಡನಮ್, ಮೃತ್ಯುಸ್ತತ್ಕ್ಷಣಿಕೋ ದುಃಖಂ ಮಾನಭಂಗಂ ದಿನೇದಿನೇ’. ತೇಜಸ್ವಿಗೆ ಸಾವೇ ಮೇಲು, ಮಾನ ಹೋಗೋದಲ್ಲ, ಸಾವಿನ ನೋವು ಆ ಕ್ಷಣದ್ದು, ಮಾನಭಂಗ ದಿನಾ ದಿನಾ. ನಾಲ್ಕು ಪಾದದ ಎರಡನೇ ಅಕ್ಷರ ರ, ತು, ತ್ಯು, ನ. ಒಂದಕ್ಕೊಂದು ಸಂಬಂಧ ಇಲ್ಲ, ಅಲ್ಲಿ ಬೇಕಾಗೂ ಇಲ್ಲ, ಶ್ಲೋಕ ಪಾದಕ್ಕೆ ಎಂಟು ಅಕ್ಷರ ಅಂತ ಎಣಿಕೆ ಮೇಲೆ ನಡೆಯತ್ತೆ. ಒಂದೇ ಬಂಡೆ, ಒಬ್ಬನೇ ಮನುಷ್ಯನ ಬಗ್ಗೆ ಮಾತು, ಸಂಸ್ಕೃತಕ್ಕೆ ಹೋದಾಗ ಪ್ರಾಸ ಬಿಡ್ತಾನೆ, ಕನ್ನಡಕ್ಕೆ ವಾಪಸ್ ಬಂದ ಕೂಡ್ಲೇ ‘ಸಾಧುಗೆ’ ಅಂತ ಹಿಡೀತಾನೆ.

ಬೀಸುಕಲ್ಲು:

ಮಳೆಗಾಲ ಅವ್ರ, ನಿಮ್ಮ ಮಗಳಿಗೆ ಹೇಳ್ರಿ, ಹಾಡುಮುಂದ ಎರಡನೇ ಸಾಲು ಒಮ್ಮೆ ಅಂದು ಬಿಡಬಾರದು. ನಮ್ಮ ಆಯಿ ಎರಡನೇ ಸಾಲನ್ನ ತಿರುಗಿಸಿ ಹಾಡಿ ಆಮ್ಯಾಲ ಮೂರನೇದಕ್ಕ ಇಳೀತಿದ್ಲು. ‘ಬಾಧಿಪ್ಪ ಕಲಿಗೇ ಕಲಿಯುಗ ವಿಪರೀತನ್’ ಅಂತ ಎರಡ ಸಲ ಅಂದ ಮ್ಯಾಲೇ ‘ಮಾಧವ ನೀತನ್’ ಬರಬೇಕು.